ಒನಕೆ ಇಳಿಸೋಣ, ನವಣೆ ಉಣ್ಣೋಣ

ಅಕ್ಕ ತಂಗಿಯರೇ, ನಮ್ಮ ಅಜ್ಜಿಯರು ನವಣೆ ಅನ್ನ ಉಣ್ಣುತ್ತಿದ್ದರು. ನಾವು ಯಾಕೆ ಬಿಟ್ಟೆವು?

ರುಚಿ ಇಲ್ಲ ಅಂತಲ್ಲ. ಕುಟ್ಟುವ ಕಷ್ಟ! ರಾಗಿಯನ್ನು ಹಾಗೇ ಬೀಸಬಹುದು. ನವಣೆಗೆ ಗಟ್ಟಿ ಹೊಟ್ಟು ಇದೆ. ಒರಳಿಗೆ ಹಾಕಿ ಕುಟ್ಟಬೇಕು. ಮೊರದಲ್ಲಿ ಕೇರಬೇಕು. ಮತ್ತೆ ಕುಟ್ಟಬೇಕು. ಈ ಕೆಲಸವೆಲ್ಲ ಹೆಂಗಸರದೇ. ಕೈ ತುಂಬ ಬೊಬ್ಬೆ. ಅಷ್ಟರಲ್ಲಿ ಅಂಗಡಿಯಲ್ಲಿ ಅಕ್ಕಿ ಸಿಕ್ಕಿತು. ನವಣೆ ಮನೆ ಬಿಟ್ಟಿತು, ಹೊಲವನ್ನೂ ಬಿಟ್ಟಿತು.

ಆದರೆ ಭತ್ತಕ್ಕೆ ತುಂಬಾ ನೀರು ಬೇಕು. ನವಣೆಗೆ ಸ್ವಲ್ಪ ಮಳೆ ಸಾಕು. ಸುಮಾರು 3 ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಮಳೆ ಕಡಿಮೆಯಾದ ವರ್ಷ ಇಂಥ ಬೆಳೆಯೇ ಹೊಟ್ಟೆಗೆ ಆಸರೆ. ನವಣೆ, ಸಾಮೆ, ರಾಗಿ, ಜೋಳ ಇವಕ್ಕೆ ಈಗ ಸಿರಿಧಾನ್ಯ ಅನ್ನುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿತು.

ಈಗ ಹೊಟ್ಟು ಬಿಡಿಸುವ ಸಣ್ಣ ಯಂತ್ರ ಬಂದಿದೆ. ಕರೆಂಟಿನಿಂದ ನಡೆಯುತ್ತದೆ. ಒಂದೇ ಮನೆಗೆ ಅದು ದುಬಾರಿ. ಸಂಘದವರು ಸೇರಿ ಕೊಳ್ಳಬಹುದು.

ಒಂದು ಮಾತು ನೆನಪಿರಲಿ. ಹೊಟ್ಟು ಇರುವ ನವಣೆ ಬಹಳ ದಿನ ಕೆಡುವುದಿಲ್ಲ. ಹೊಟ್ಟು ತೆಗೆದರೆ ಬೇಗ ಕಮಟು ವಾಸನೆ ಬರುತ್ತದೆ. ಬೇಕಾದಷ್ಟೇ ಬಿಡಿಸೋಣ, ಉಳಿದದ್ದನ್ನು ಹಾಗೇ ಇಡೋಣ.