ಹಂಪಿಗಲ್ಲ, ಹಂಪಿಯ ಸುತ್ತಮುತ್ತಲಿಗೆ ಬೇಕು ಕಾರು

ಹಂಪಿಗೆ ಹೋಗೋಣ ಅಂತ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ ಕೂಡಲೇ ಬರುವ ಮೊದಲ ಪ್ರಶ್ನೆ: ‘ಗಾಡಿಗೇನು ಮಾಡೋದು?’ ಬೆಂಗಳೂರಿನಿಂದಲೇ ಬಾಡಿಗೆ ಕಾರು ಓಡಿಸಿಕೊಂಡು ಹೋಗೋದಾ? ರೈಲಿನಲ್ಲಿ ಹೋಗಿ ಹೊಸಪೇಟೆಯಲ್ಲಿ ಕಾರು ಹಿಡಿಯೋದಾ? ಇಲ್ಲಾ ಆಟೊ ಸಾಕಾ?

ಆಗಸ್ಟಿನಲ್ಲಿ ಮೂರು ದಿನ ರಜೆ ಒಟ್ಟಿಗೆ ಸಿಕ್ಕಾಗ ನಾನು, ನನ್ನ ಗಂಡ, ಮಂಡಿನೋವಿನ ಅಮ್ಮ ಮತ್ತು ಎಂಟು ವರ್ಷದ ಮಗ ಹೋಗಿಬಂದೆವು. ನನಗೆ ಸಿಕ್ಕ ಉತ್ತರ ಇಷ್ಟು: ಹಂಪಿಯೊಳಗೆ ಕಾರು ಅಷ್ಟೇನೂ ಬೇಕಿಲ್ಲ. ಆದರೆ ಸಂಡೂರು, ಕಂಪ್ಲಿ ನೋಡದಿದ್ದರೆ ಹಂಪಿಯೂ ಅರ್ಧವೇ ಅರ್ಥವಾಗೋದು. ಅದಕ್ಕೆ ಕಾರು ಬೇಕೇ ಬೇಕು.

ಮೊದಲು ಕಿಲೋಮೀಟರ್ ಲೆಕ್ಕ

ಬೆಂಗಳೂರಿನಿಂದ ಹೊಸಪೇಟೆಗೆ ಸುಮಾರು 340 ಕಿ.ಮೀ. ಹೋಗಿ ಬರುವುದಕ್ಕೇ ಏಳುನೂರರ ಹತ್ತಿರ. ಹೊಸಪೇಟೆಯಿಂದ ಹಂಪಿಗೆ ಹೆಚ್ಚೆಂದರೆ 13 ಕಿ.ಮೀ., ಸಂಡೂರು ಮತ್ತು ಕಂಪ್ಲಿ ತಲಾ 30 ಕಿ.ಮೀ. ಆಸುಪಾಸು. ಎಲ್ಲ ಸುತ್ತಿದರೂ ಮೂರು ದಿನಕ್ಕೆ ಇನ್ನೂರು ಕಿ.ಮೀ. ಸಾಕು. ಅಂದರೆ ಬೆಂಗಳೂರಿನಿಂದ ಕಾರು ತಂದರೆ ನಿಮ್ಮ ದುಡ್ಡಿನ ಬಹುಪಾಲು ಹೆದ್ದಾರಿಗೇ ಹೋಯಿತು. ನಾವು ರಾತ್ರಿ ರೈಲು ಹತ್ತಿ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ವಗ್ಗಾಣಿ-ಮಿರ್ಚಿ ತಿಂದು, ಅಲ್ಲೇ ಕಾರು ತೊಗೊಂಡೆವು.

ನಂಬರ್ ಪ್ಲೇಟ್ ನೋಡಿ

ಮೊದಲು ಫೋನಿನಲ್ಲಿ ಸಿಕ್ಕವರೊಬ್ಬರು ಕಡಿಮೆ ಬಾಡಿಗೆಗೆ ವೈಟ್ ಬೋರ್ಡ್ ಕಾರು ಕೊಡುತ್ತೇನೆ ಅಂದರು. ‘ಯಾರಾದ್ರೂ ಕೇಳಿದ್ರೆ ಫ್ರೆಂಡ್ ಗಾಡಿ ಅನ್ರಿ ಮೇಡಂ, ಏನೂ ಆಗಂಗಿಲ್ಲ.’ ನಾವು ಬೇಡ ಅಂದೆವು. ಕಾರಣ ಸರಳ. ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇರಬೇಕು. ಡ್ರೈವರ್ ಸಮೇತ ಬರುವ ಟ್ಯಾಕ್ಸಿಗೆ ಹಳದಿ ಪ್ಲೇಟ್ ಮೇಲೆ ಕಪ್ಪು ಅಕ್ಷರ. ಬಿಳಿ ಪ್ಲೇಟ್ ಸ್ವಂತ ಬಳಕೆಯ ಗಾಡಿಯದು. ಅದನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತಬಹುದು. ಉಳಿಯುವುದು ಕೆಲವು ನೂರು ರೂಪಾಯಿ, ತಲೆ ಮೇಲೆ ಬೀಳುವುದು ಲಕ್ಷಗಟ್ಟಲೆ. ಗಾಡಿ ನಂಬರನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ವಿಮೆ ಚಾಲ್ತಿಯಲ್ಲಿದೆಯಾ ಅಂತ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಕೀ ಕೈಗೆ ಬಂದ ಮೇಲೆ ಗಂಡ ಕಾರಿನ ಸುತ್ತ ನಿಧಾನವಾಗಿ ನಡೆದು ವಿಡಿಯೊ ಮಾಡಿಕೊಂಡರು: ಬಂಪರ್, ಟೈರ್, ಸ್ಟೆಪ್ನಿ, ಡೀಸೆಲ್ ಮುಳ್ಳು, ಓಡಿದ ಕಿಲೋಮೀಟರ್. ಅದನ್ನು ನೋಡಿ ಅಮ್ಮ ನಕ್ಕರು, ‘ಮದುವೆಗೆ ಗಂಡು ನೋಡಿದ ಹಾಗೆ ನೋಡ್ತಿದ್ದೀಯಲ್ಲಪ್ಪ!’ ವಾಪಸ್ ಕೊಡುವಾಗ ಹಿಂದಿನ ಬಂಪರಿನ ಗೀರು ತೋರಿಸಿ ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿಯುತ್ತೇವೆ ಅಂದರು. ವಿಡಿಯೊ ತೋರಿಸಿದೆವು, ಪೂರ್ತಿ ಹಣ ಬಂತು.

ಹಂಪಿಯಲ್ಲಿ ಕಾರಿಗೆ ವಿಶ್ರಾಂತಿ

ಉಗ್ರ ನರಸಿಂಹ, ರಾಣಿ ಸ್ನಾನಗೃಹ, ಕಮಲ ಮಹಲಿನ ತನಕ ಕಾರು ಉಪಯೋಗಕ್ಕೆ ಬರುತ್ತದೆ. ಆದರೆ 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥ ನೋಡಬೇಕಾದರೆ ಗಾಡಿ ದೂರದಲ್ಲೇ ನಿಲ್ಲಬೇಕು. ಅಲ್ಲಿಂದ ವಿಜಯ ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ, ಇಲ್ಲವೇ ನಡಿಗೆ. ಮಂಡಿನೋವಿನವರು ಜೊತೆಗಿದ್ದರೆ ಬೆಳಿಗ್ಗೆ ಬೇಗ ಹೋಗಿ. ಹೊತ್ತೇರಿದ ಮೇಲೆ ಬಿಸಿಲೂ ಕ್ಯೂ ಎರಡೂ ಜಾಸ್ತಿ. ಯುನೆಸ್ಕೊ ಪಟ್ಟಿಗೆ 1986ರಲ್ಲಿ ಸೇರಿದ ಜಾಗ ಇದು. ಕಾಲಿಗೆ ಕೆಲಸ ಕೊಟ್ಟಷ್ಟೂ ಕಣ್ಣಿಗೆ ಸಿಗುತ್ತದೆ. ಬಿಡುವಾಗಿ ನೋಡಲು ಒಂದು ಇಡೀ ದಿನ ಇಟ್ಟುಕೊಳ್ಳಿ.

ಕೆಂಪು ಧೂಳಿನ ದಾರಿ

ಎರಡನೇ ದಿನ ಸಂಡೂರು. ಮಳೆಗಾಲದಲ್ಲಿ ಇಲ್ಲಿನ ಬೆಟ್ಟಗಳು ಬಳ್ಳಾರಿ ಸೀಮೆಯವೇ ಅಲ್ಲ ಅನ್ನುವಷ್ಟು ಹಸಿರು. ಅದೇ ಬೆಟ್ಟಗಳ ಒಡಲಲ್ಲಿ ಕಬ್ಬಿಣದ ಅದಿರು. ಮಿತಿಮೀರಿದ ಗಣಿಗಾರಿಕೆಯಿಂದಾಗಿ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನೇ ನಿಲ್ಲಿಸಿತ್ತು. ಆಮೇಲೆ ಕಟ್ಟುಪಾಡುಗಳೊಂದಿಗೆ ಮತ್ತೆ ಶುರುವಾಯಿತು. ಇವತ್ತಿಗೂ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ಸಿಗುತ್ತದೆ. ಅವನ್ನು ಓವರ್‌ಟೇಕ್ ಮಾಡುವ ಆತುರ ಬೇಡ. ಕತ್ತಲಾಗುವ ಮೊದಲೇ ಹೊಸಪೇಟೆ ಸೇರಿಕೊಳ್ಳಿ.

ಊರಿನಿಂದ ಕಾಡಿನ ದಾರಿ ಹತ್ತಿದರೆ ಕುಮಾರಸ್ವಾಮಿ ಬೆಟ್ಟ. ಅಲ್ಲಿನ ಪಾರ್ವತಿ ಗುಡಿ ವಿಜಯನಗರಕ್ಕಿಂತ ಹಲವು ಶತಮಾನ ಹಳೆಯದು. ಹಂಪಿಯ ಕಂಬಗಳ ಕಾಡು ನೋಡಿ ಬಂದ ಕಣ್ಣಿಗೆ ಈ ಪುಟ್ಟ ಗುಡಿ ಬೇರೆಯದೇ ಕಾಲ ತೋರಿಸುತ್ತದೆ. ಸಂಡೂರಿನಲ್ಲಿ ಲಂಬಾಣಿ ಕಸೂತಿಯನ್ನೂ ನೋಡಿ. ಜಿಐ ಮಾನ್ಯತೆ ಇರುವ ಕಲೆ ಅದು. ಅಮ್ಮ ಕನ್ನಡಿ ಕೂರಿಸಿದ ಒಂದು ಚೀಲ ಕೊಂಡು, ಊರಿಗೆ ಬರೋ ತನಕ ಮಡಿಲಲ್ಲೇ ಇಟ್ಟುಕೊಂಡಿದ್ದರು.

ಸೇತುವೆ ಮೇಲೆ ನೀರು

ಹಂಪಿಯ ಕಥೆ ಸಾಮಾನ್ಯವಾಗಿ ಶುರುವಾಗುವುದು 1336ರಿಂದ. ಅದರ ಹಿಂದಿನ ಪುಟ ಕಂಪ್ಲಿಯಲ್ಲಿದೆ. ಇಲ್ಲಿ ಕಂಪಿಲರಾಯನ ರಾಜ್ಯವಿತ್ತು. ಜನಪದರ ಹೀರೊ ಕುಮಾರರಾಮ ಅವನ ಮಗ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್‌ನ ಸೇನೆಯ ಎದುರು ಆ ರಾಜ್ಯ ಬಿತ್ತು. ಒಂದು ದಶಕ ಕಳೆಯುವುದರೊಳಗೆ ಅದೇ ಹೊಳೆಯ ದಂಡೆಯಲ್ಲಿ ವಿಜಯನಗರ ಎದ್ದಿತು. ಕಮಲಾಪುರ ದಾಟಿ ಬಾಳೆತೋಟ, ಭತ್ತದ ಗದ್ದೆಗಳ ನಡುವೆ ಕಾರು ಹೋಗುವಾಗ ಮಗನಿಗೆ ಈ ಕಥೆ ಹೇಳಿದೆ. ‘ಅಂದ್ರೆ ಇದು ಪಾರ್ಟ್ ಒನ್, ಹಂಪಿ ಪಾರ್ಟ್ ಟೂ’ ಅಂದ.

ಕಂಪ್ಲಿಯಿಂದ ಹೊಳೆ ದಾಟಿ ಗಂಗಾವತಿ, ಆನೆಗೊಂದಿ ಕಡೆ ಹೋಗುವುದು ನಮ್ಮ ಯೋಚನೆ. ಆದರೆ ಸೇತುವೆಗೆ ಬ್ಯಾರಿಕೇಡ್. ಪಕ್ಕದ ಚಹಾ ಅಂಗಡಿಯ ಅಜ್ಜ ಹೇಳಿದರು: ‘ಡ್ಯಾಮಿಂದ ನೀರು ಬಿಟ್ಟಾರ್ರಿ. ಸೇತುವಿ ಮ್ಯಾಲೆ ನೀರು ಐತಿ. ಗಾಡಿ ತಿರುಗಿಸ್ಕೊಂಡು ಹೋಗ್ರಿ.’ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಈ ಸೇತುವೆ ಮುಳುಗುವುದು ಇಲ್ಲಿನವರಿಗೆ ಹೊಸತಲ್ಲ. 33 ಗೇಟುಗಳ ಈ ಡ್ಯಾಮಿನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ ಇಡೀ ಹೊಳೆಸಾಲು ಎಚ್ಚರವಿತ್ತು. ಗೂಗಲ್ ಮ್ಯಾಪ್ ಮಾತ್ರ ನಮಗೆ ಅದೇ ಸೇತುವೆ ದಾರಿ ತೋರಿಸುತ್ತಿತ್ತು. ಮಳೆಗಾಲದಲ್ಲಿ ಬೆಳಿಗ್ಗೆಯೇ ಡ್ಯಾಮಿನ ಸುದ್ದಿ ನೋಡಿ, ದಾರಿಯಲ್ಲಿ ಊರವರನ್ನು ಕೇಳಿ. ನೀರು ಕಡಿಮೆ ಇದ್ದಂತೆ ಕಂಡರೂ ಬ್ಯಾರಿಕೇಡ್ ದಾಟಬೇಡಿ.

ನಾವು ಆನೆಗೊಂದಿ ಬಿಟ್ಟು, ಕಂಪ್ಲಿ ಕೋಟೆಯ ಕಡೆ ಹೋಗಿ ಕೆಂಪಗೆ ಹರಿಯುವ ಹೊಳೆಯನ್ನು ದೂರದಿಂದಲೇ ನೋಡುತ್ತ ಕೂತೆವು.

ನೀವೇ ಓಡಿಸಬೇಕಾ?

ದಿನವಿಡೀ ಸ್ಟೇರಿಂಗ್ ಹಿಡಿಯಲು ಇಷ್ಟವಿದ್ದು, ಜೊತೆಗೆ ಇನ್ನೊಬ್ಬರಿಗೂ ಡ್ರೈವಿಂಗ್ ಬಂದರೆ ಸೆಲ್ಫ್ ಡ್ರೈವ್ ಒಳ್ಳೆಯದು. ವಯಸ್ಸಾದವರು ಇದ್ದು, ಮಳೆಗಾಲವೂ ಆಗಿದ್ದರೆ ಹೊಸಪೇಟೆಯ ಹಳದಿ ಬೋರ್ಡ್ ಟ್ಯಾಕ್ಸಿಯೇ ವಾಸಿ. ಯಾವ ಸೇತುವೆ ಮುಳುಗಿದೆ, ಯಾವ ದಾರಿಯಲ್ಲಿ ಲಾರಿ ಜಾಸ್ತಿ ಅನ್ನೋದು ಆ ಡ್ರೈವರಿಗೆ ಆ್ಯಪಿಗಿಂತ ಮೊದಲೇ ಗೊತ್ತಿರುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಕಿ.ಮೀ. ಮಿತಿ, ಇಂಧನ, ಅಡ್ವಾನ್ಸ್ ಎಷ್ಟು ದಿನಕ್ಕೆ ವಾಪಸ್ ಅನ್ನೋ ಮೂರನ್ನೂ ಮೊದಲೇ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಹೊರಡುವಾಗ ಒಂದಿರುತ್ತದೆ, ವಾಪಸ್ ಬಂದಾಗ ಇನ್ನೊಂದು.