ಕೆರೆ ಕೆಳಗಿನ ಸೈಟು ಮತ್ತು ಇಂಗುಗುಂಡಿ: ನಂಬಿಕೆ ಏನು, ನಿಜ ಏನು?

ಕೆರೆ ಏರಿಯ ಕೆಳಗಿನ ಗದ್ದೆಗಳು ಲೇಔಟ್ ಆಗುತ್ತಿರುವ ಕಡೆಯಲ್ಲೆಲ್ಲ ಈ ಮಾತು ಕೇಳಿಬರುತ್ತದೆ: "ಯುಜಿಡಿ (ಒಳಚರಂಡಿ) ಬರೋವರೆಗೆ ಮನೆಗೊಂದು ಸೆಪ್ಟಿಕ್ ಟ್ಯಾಂಕ್ ಇದ್ದರಾಯ್ತು, ಕೊಳೆಯೆಲ್ಲ ಅದರಲ್ಲೇ ಶುದ್ಧ ಆಗುತ್ತೆ." ಹಾಗೆ ಆಗುವುದಿಲ್ಲ. ಟ್ಯಾಂಕಿನಲ್ಲಿ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗಿನ ಇಂಗುಗುಂಡಿಗೆ ಹೋಗುತ್ತದೆ. ಆ ನೀರಿನ ತುಂಬ ರೋಗಾಣು ಮತ್ತು ಅಮೋನಿಯ. ಅದನ್ನು ತೊಳೆಯುವ ಕೆಲಸವೆಲ್ಲ ಇಂಗುಗುಂಡಿಯ ಕೆಳಗಿನ ಮಣ್ಣಿನದು, ಅದೂ ಕಣಗಳ ನಡುವೆ ಗಾಳಿಯಾಡುವ ಒಣ ಮಣ್ಣಿನದು. ಅಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ, ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ, ರೋಗಾಣುಗಳು ಮಣ್ಣಿಗೆ ಅಂಟಿಕೊಂಡು ಸಾಯುತ್ತವೆ. ಮಣ್ಣು ನೆನೆದು ತುಂಬಿದ್ದರೆ ಕೊಳೆನೀರು ನೇರವಾಗಿ ಅಂತರ್ಜಲಕ್ಕೆ ಸೇರುತ್ತದೆ.

"ಏಪ್ರಿಲ್‌ನಲ್ಲಿ ಅಗೆಸಿದ್ವಿ, ಹತ್ತು ಅಡಿಯವರೆಗೂ ನೀರಿರಲಿಲ್ಲ" ಎನ್ನುವವರು ಅದೇ ಗುಂಡಿಯ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಬೂದು ಬಣ್ಣದ ಮಣ್ಣು, ಅದರಲ್ಲಿ ತುಕ್ಕಿನಂಥ ಕೆಂಪು ಮಚ್ಚೆಗಳು, ಹಳೆಯ ಬೇರು ಹೋದ ದಾರಿಯುದ್ದಕ್ಕೂ ಕಿತ್ತಳೆ ಗೆರೆ. ನೀರು ನಿಂತಾಗ ಆಮ್ಲಜನಕವಿಲ್ಲದೆ ಮಣ್ಣಿನ ಕಬ್ಬಿಣ ಕರಗುತ್ತದೆ, ನೀರು ಇಳಿದ ಮೇಲೆ ಗಾಳಿ ತಾಗಿದಲ್ಲಿ ತುಕ್ಕಾಗುತ್ತದೆ. ಆ ಮಚ್ಚೆಗಳು ಎಷ್ಟು ಮೇಲೆ ಕಾಣುತ್ತವೋ ಮಳೆಗಾಲದಲ್ಲಿ ನೀರು ಅಲ್ಲಿಯವರೆಗೆ ಏರುತ್ತದೆ. ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕ ಐಎಸ್ 2470 ಪ್ರಕಾರ, ಅಂತರ್ಜಲ ನೆಲಮಟ್ಟದಿಂದ 1.8 ಮೀಟರಿನೊಳಗೆ ಇರುವ ಕಡೆ ಇಂಗುಗುಂಡಿ ತೋಡುವಂತಿಲ್ಲ. ಮಣ್ಣಿನ ದಿಬ್ಬ ಏರಿಸಿ ಅದರಲ್ಲಿ ಇಂಗುಚರಂಡಿ ಮಾಡಬೇಕು. ನಮ್ಮ ಲೇಔಟ್‌ಗಳಲ್ಲಿ ಅಂಥ ದಿಬ್ಬಕ್ಕೆ ಜಾಗ ಬಿಟ್ಟದ್ದನ್ನು ನಾನು ಕಂಡಿಲ್ಲ.

ನೀರು ಬೇಗ ಇಂಗಿದಷ್ಟೂ ಗುಂಡಿ ಒಳ್ಳೆಯದು ಎಂಬ ನಂಬಿಕೆ ಕರಾವಳಿಯ ಮರಳು ನೆಲದಲ್ಲಿ ಹೆಚ್ಚು. ತುಂಬ ಬೇಗ ಇಂಗಿದರೆ ಮಣ್ಣಿಗೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. ಜೇಡಿಯಲ್ಲಿ ಇದರ ವಿರುದ್ಧ: ಇಂಗದೆ ಮೇಲುಕ್ಕುತ್ತದೆ.

ಇನ್ನು ದೂರದ ಮಾತು. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರವಿರಬೇಕೆಂದು ಅದೇ ಮಾನಕ ಹೇಳುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದರೂ 50 ಅಡಿ. ಒಂದೇ ಸೈಟಿನಲ್ಲಿ ಬೋರ್‌ವೆಲ್ಲೂ ಇಂಗುಗುಂಡಿಯೂ ನಿಯಮದಂತೆ ಇರುವುದು ಸಾಧ್ಯವೇ ಇಲ್ಲ! ನಿಮ್ಮ ಬೋರ್‌ವೆಲ್ ನಿಮ್ಮ ಗುಂಡಿಯಿಂದ ದೂರವಿದ್ದರೆ ಪಕ್ಕದವರ ಗುಂಡಿಗೆ ಹತ್ತಿರವಿರುತ್ತದೆ. 60 ಅಡಿ ಸಿಕ್ಕರೂ ಕೊಳೆನೀರಿನ ಅಮೋನಿಯದಿಂದ ಮಣ್ಣಿನಲ್ಲಿ ಹುಟ್ಟುವ ನೈಟ್ರೇಟ್ ಅಲ್ಲಿಗೆ ನಿಲ್ಲುವುದಿಲ್ಲ, ಅಂತರ್ಜಲ ಹರಿದ ಕಡೆಗೆ ಅದೂ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕುದಿಸಿದರೆ ನೈಟ್ರೇಟ್ ಹೋಗುತ್ತದೆ ಎಂಬುದೂ ತಪ್ಪು. ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ. ಹಸುಳೆಗಳ ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ನೈಟ್ರೇಟ್ ಕುಗ್ಗಿಸಬಲ್ಲದು.

"ಕೆರೆಯಲ್ಲಿ ಜೊಂಡು ಇದೆ, ಅದೇ ಹೀರಿಕೊಳ್ಳುತ್ತೆ" ಎಂಬುದರಲ್ಲಿ ಸ್ವಲ್ಪ ನಿಜವಿದೆ. ಜೌಗು ಗಿಡಗಳು ಸಾರಜನಕ, ರಂಜಕಗಳನ್ನು ಹೀರುತ್ತವೆ. ಆದರೆ ಅದಕ್ಕೊಂದು ಮಿತಿಯಿದೆ. ನೂರಾರು ಮನೆಗಳ ಒಸರು ಬಂದು ಸೇರಿದರೆ ಪಾಚಿ, ಅಂತರಗಂಗೆ ಹಬ್ಬಿ, ಕೊಳೆತು, ನೀರಿನ ಆಮ್ಲಜನಕ ತೀರಿ ಮೀನು ಸಾಯುತ್ತವೆ. ಕೆರೆ ಅಂಚಿನಿಂದ 30 ಮೀಟರ್ ಬಿಟ್ಟು ಕಟ್ಟಿದ್ದೇವೆ ಎಂಬ ಸಮಜಾಯಿಷಿ ಇಲ್ಲಿ ಸಾಲದು. ಗಡಿಕಲ್ಲು ಕಟ್ಟಡವನ್ನು ತಡೆದೀತು, ನೆಲದಡಿಯ ನೀರನ್ನಲ್ಲ.

ಬ್ಯಾಕ್ಟೀರಿಯಾ ಪುಡಿ ಹಾಕಿದರೆ ಟ್ಯಾಂಕ್ ಖಾಲಿ ಮಾಡಿಸಬೇಕಾಗಿಲ್ಲ ಎಂಬುದೂ ಸುಳ್ಳು. ಎರಡು ಮೂರು ವರ್ಷಕ್ಕೊಮ್ಮೆ ಮಲಕೆಸರು ತೆಗೆಸಲೇಬೇಕು, ಅದು ರಾಜಕಾಲುವೆಗೆ ಹೋಗದೆ ದೇವನಹಳ್ಳಿಯಲ್ಲಿ ಇರುವಂಥ ಸಂಸ್ಕರಣಾ ಘಟಕಕ್ಕೆ ಹೋಗಬೇಕು.

ಇವೆಲ್ಲ ಮನೆ ಕಟ್ಟಿದ ಮೇಲೆ ಸರಿಪಡಿಸುವ ಸಂಗತಿಗಳಲ್ಲ. ಲೇಔಟ್ ನಕ್ಷೆ ಬರೆಯುವಾಗಲೇ ಒಣಗಿದ ಎತ್ತರದ ಜಾಗವನ್ನು ಎಲ್ಲರ ಕೊಳೆನೀರಿನ ಸಂಸ್ಕರಣೆಗೆ ಮೀಸಲಿಡಬೇಕು. ಆದ್ದರಿಂದ ಅಡ್ವಾನ್ಸ್ ಕೊಡುವ ಮುನ್ನ ಆ ಜಾಗ ಎಲ್ಲಿದೆ ಎಂದು ನಕ್ಷೆಯ ಮೇಲೆ ತೋರಿಸಲು ಕೇಳಿ. ತೋರಿಸದಿದ್ದರೆ ಆ ಸೈಟು ಬೇಡ.