ಕಡ್ಡಾಯ ಶಿಕ್ಷಣ: ಒಂದು ಮನವಿಯ ದಾರಿ

ಕಂದಾಯ ಕಟ್ಟುವವರು ರೈತರು, ಆ ಹಣದಲ್ಲಿ ಓದುವವರು ಮೇಲುವರ್ಗದ ಮಕ್ಕಳು. ಇದು ಯಾವ ನ್ಯಾಯ? 1882ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಸಲ್ಲಿಸಿದ ಮನವಿಯಲ್ಲಿ ಪುಣೆಯ ಜೋತಿಬಾ ಫುಲೆ ಎತ್ತಿದ ಪ್ರಶ್ನೆಯ ತಿರುಳು ಇದು. 1848ರಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದಿದ್ದ ಅವರು, ಕನಿಷ್ಠ 12ನೇ ವಯಸ್ಸಿನವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು ಕೋರಿದರು. ಸರ್ಕಾರ ಅದಕ್ಕೆ ಶಾಸನದ ರೂಪ ಕೊಡಲಿಲ್ಲ.

1911ರಲ್ಲಿ ಗೋಪಾಲಕೃಷ್ಣ ಗೋಖಲೆ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಅದು ತೀರಾ ಸೌಮ್ಯವಾದದ್ದು: ಇಷ್ಟವಿದ್ದ ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಬಹುದು ಎಂದಷ್ಟೇ. ಆದರೂ 1912ರಲ್ಲಿ 38 ಮತಗಳು ವಿರುದ್ಧ ಬಿದ್ದವು, ಪರವಾಗಿ ಬಂದದ್ದು 13.

ಸೋತ ಮಸೂದೆಯ ವಿಚಾರ ಮಾತ್ರ ಸಾಯಲಿಲ್ಲ. 1918ರಲ್ಲಿ ವಿಠಲಭಾಯಿ ಪಟೇಲರ ಮಸೂದೆ ಮುಂಬೈ ಪ್ರಾಂತದಲ್ಲಿ ಕಾಯ್ದೆಯಾಯಿತು. ಬೆಳಗಾವಿ, ಧಾರವಾಡ, ವಿಜಯಪುರಗಳೂ ಆಗ ಅದೇ ಪ್ರಾಂತದಲ್ಲಿದ್ದವು. ಆದರೆ ಆ ಕಾಯ್ದೆ ಪುರಸಭೆಗಳಿಗೆ ಮಾತ್ರ ಸಂಬಂಧಿಸಿತ್ತು. ಫುಲೆಯವರ ರೈತನ ಹಳ್ಳಿ ಹೊರಗೇ ಉಳಿಯಿತು.

2002ರ 86ನೇ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದಕ್ಕೆ ತಕ್ಕ 2009ರ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಹಿಂದೆ ‘ಕಡ್ಡಾಯ’ವೆಂದರೆ ಮಗುವನ್ನು ಕಳಿಸದ ತಂದೆತಾಯಿಗೆ ದಂಡ. ಈಗ ಶಾಲೆ ಒದಗಿಸುವುದು, ಮಗು ಸೇರಿ ಕಲಿಯುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಫುಲೆ ಬೊಕ್ಕಸದ ಲೆಕ್ಕ ಕೇಳಿದ್ದರು. ಅದೇ ಲೆಕ್ಕವನ್ನು ಇಂದಿನ ಪ್ರಜೆ ಹಕ್ಕಿನಿಂದ ಕೇಳಬಹುದು.